ಗಣಕಯಂತ್ರದ ಪಟ್ಟಿಯಲ್ಲಿ ತಪ್ಪಿಹೋಗುವ ಹೆಸರು

ಶಿವಮೊಗ್ಗ ಜಿಲ್ಲೆಯ ಏಳು ತಾಲ್ಲೂಕುಗಳನ್ನು ಭದ್ರಾವತಿ, ಶಿವಮೊಗ್ಗ, ಶಿಕಾರಿಪುರ, ಸೊರಬ, ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ಕ್ರಮದಲ್ಲಿ ಗಣಕಯಂತ್ರಕ್ಕೆ ಕೊಟ್ಟು, ‘ಶಿ’ ಅಕ್ಷರದಿಂದ ಆರಂಭವಾಗುವ ಹೆಸರುಗಳನ್ನು ತೆಗೆದುಹಾಕುವಂತೆ ಆಜ್ಞಾಪಿಸಲಾಯಿತೆಂದು ಭಾವಿಸೋಣ. ಪೈಥಾನ್ ಭಾಷೆಯಲ್ಲಿ, ಒಂದೊಂದೇ ಹೆಸರನ್ನು ನೋಡುತ್ತ ಸಾಗುವ ಲೂಪಿನೊಳಗೇ ಅದೇ ಪಟ್ಟಿಯಿಂದ ಹೆಸರನ್ನು ಅಳಿಸಿದರೆ ಶಿವಮೊಗ್ಗವು ಹೋಗುತ್ತದೆ. ಶಿಕಾರಿಪುರವು ಮಾತ್ರ ಉಳಿದುಬಿಡುತ್ತದೆ!

ಇದಕ್ಕೆ ಕಾರಣವು ಸರಳವಾದುದು. ಲೂಪು ನೆನಪಿಟ್ಟುಕೊಳ್ಳುವುದು ಹೆಸರನ್ನಲ್ಲ, ಸ್ಥಾನದ ಸಂಖ್ಯೆಯನ್ನು. ಎಣಿಕೆಯು 0ಯಿಂದ ಮೊದಲಾಗುವುದರಿಂದ ಭದ್ರಾವತಿಯದು 0, ಶಿವಮೊಗ್ಗದ್ದು 1, ಶಿಕಾರಿಪುರದ್ದು 2. ಶಿವಮೊಗ್ಗವನ್ನು ಅಳಿಸಿದೊಡನೆ ಮುಂದಿನವೆಲ್ಲವೂ ಒಂದೊಂದು ಸ್ಥಾನ ಹಿಂದಕ್ಕೆ ಸರಿಯುತ್ತವೆ. ಶಿಕಾರಿಪುರವು 1ಕ್ಕೆ ಬರುತ್ತದೆ. ಲೂಪಾದರೋ 1ನ್ನು ನೋಡಿ ಮುಗಿಸಿದ್ದೇನೆಂದು 2ಕ್ಕೆ ಹೋಗುತ್ತದೆ. ಅಲ್ಲಿ ಈಗ ಸೊರಬವಿದೆ. ಶಿಕಾರಿಪುರವನ್ನು ಅದು ಪರೀಕ್ಷಿಸಲೇ ಇಲ್ಲ. ಬೆಂಚಿನಿಂದ ಒಬ್ಬನನ್ನು ಎಬ್ಬಿಸಿದಾಗ ಉಳಿದವರು ಒತ್ತರಿಸಿ ಕುಳಿತರೆ, ಮುಂದಿನ ಜಾಗದವನನ್ನೇ ಪ್ರಶ್ನಿಸುವ ಉಪಾಧ್ಯಾಯರು ಒಬ್ಬನನ್ನು ಬಿಟ್ಟುಬಿಡುವಂತೆಯೇ ಇದು. ಯಂತ್ರವನ್ನು ದೂಷಿಸುವುದು ನ್ಯಾಯವಲ್ಲ. ಹೇಳಿದುದನ್ನೇ ಅದು ಮಾಡಿದೆ.

ಈ ದೋಷವು ಮೌನವಾಗಿರುವುದೇ ಇಲ್ಲಿನ ಅಪಾಯ. ಶಿವಮೊಗ್ಗ ಮತ್ತು ಶಿಕಾರಿಪುರಗಳ ನಡುವೆ ಭದ್ರಾವತಿಯನ್ನು ಇರಿಸಿದ್ದರೆ ಉತ್ತರವು ಸರಿಯಾಗಿಯೇ ಬರುತ್ತಿತ್ತು, ಪರೀಕ್ಷಿಸಿದವನು ತೃಪ್ತನಾಗುತ್ತಿದ್ದನು. ಅಳಿಸಬೇಕಾದ ಎರಡು ಹೆಸರುಗಳು ಅಕ್ಕಪಕ್ಕದಲ್ಲಿ ಬಿದ್ದಾಗಲೇ ದೋಷವು ಹೊರಬೀಳುತ್ತದೆ. ಶುಲ್ಕಬಾಕಿಯ ಪಟ್ಟಿಯಿಂದ ಹಣ ಕಟ್ಟಿದವರ ಹೆಸರನ್ನು ಹೀಗೆ ತೆಗೆಯಹೊರಟರೆ, ಪಟ್ಟಿಯಲ್ಲಿ ಒಬ್ಬರ ಹಿಂದೊಬ್ಬರಿರುವ ಅಣ್ಣತಮ್ಮಂದಿರಿಬ್ಬರ ಶುಲ್ಕವನ್ನು ತಂದೆಯು ಒಟ್ಟಿಗೆ ಕಟ್ಟಿದ್ದರೂ ಎರಡನೆಯವನು ಬಾಕಿದಾರನಾಗಿಯೇ ಉಳಿಯುತ್ತಾನೆ. ರಶೀದಿಯು ತಂದೆಯ ಕೈಯಲ್ಲಿರುತ್ತದೆ. ಆದರೂ ಹುಡುಗನು ತರಗತಿಯಲ್ಲಿ ಎದ್ದು ನಿಲ್ಲಬೇಕಾಗುತ್ತದೆ.

ಪೈಥಾನಿನಲ್ಲಿಯೇ ನಿಘಂಟು ಮಾದರಿಯ ಸಂಗ್ರಹವೊಂದಿದೆ. ಅದರ ಮೇಲೆ ಲೂಪು ಸಾಗುತ್ತಿರುವಾಗ ಗಾತ್ರವು ಬದಲಾದರೆ ಅದು ದೋಷವನ್ನು ಸಾರಿ ನಿಂತುಬಿಡುತ್ತದೆ. ಪಟ್ಟಿಗೆ ಆ ಸೌಜನ್ಯವಿಲ್ಲ. ಅಳಿಸುವುದಕ್ಕೆ ಬದಲಾಗಿ ಪ್ರತಿ ಸುತ್ತಿನಲ್ಲೂ ಕೊನೆಗೊಂದು ಹೆಸರನ್ನು ಸೇರಿಸುತ್ತ ಹೋದರಂತೂ ಲೂಪಿಗೆ ಕೊನೆಯೇ ಇರದು. ಸ್ಮೃತಿಕೋಶವು ತುಂಬುವವರೆಗೂ ಅದು ಓಡುತ್ತಲೇ ಇರುತ್ತದೆ.

ಮೂಲ ಪಟ್ಟಿಯನ್ನು ಮುಟ್ಟದೆ, ಉಳಿಸಬೇಕಾದ ಹೆಸರುಗಳನ್ನು ಹೊಸ ಪಟ್ಟಿಯೊಂದಕ್ಕೆ ಬರೆದುಕೊಳ್ಳುವುದು ಉತ್ತಮವಾದ ಮಾರ್ಗ. ಪಟ್ಟಿಯ ನಕಲಿನ ಮೇಲೆ ಲೂಪನ್ನು ನಡೆಸಿ, ಮೂಲದಲ್ಲಿ ಅಳಿಸುವುದೂ ಉಂಟು. ಅದೇ ಪಟ್ಟಿಯಲ್ಲಿಯೇ ಕೆಲಸವಾಗಬೇಕಿದ್ದರೆ ಸ್ಥಾನದ ಸಂಖ್ಯೆಯನ್ನು ಹಿಡಿದು ಕೊನೆಯಿಂದ, ಎಂದರೆ ತೀರ್ಥಹಳ್ಳಿಯಿಂದ ಭದ್ರಾವತಿಯ ಕಡೆಗೆ, ಬರಬೇಕು. ಆಗ ಶಿಕಾರಿಪುರವನ್ನು ಅಳಿಸಿದಾಗ ಜರುಗುವವು ಈಗಾಗಲೇ ನೋಡಿ ಮುಗಿಸಿದ ಹೆಸರುಗಳು ಮಾತ್ರ. ಶಿವಮೊಗ್ಗವು ತನ್ನ ಸ್ಥಾನದಲ್ಲಿಯೇ ಇರುತ್ತದೆ.