'ದಿ ಸಫೈರ್ಸ್': ಯುದ್ಧಭೂಮಿಗೆ ಹೋದವರು ಇಬ್ಬರೇ

ವಿಯೆಟ್ನಾಂ ಯುದ್ಧ ತೀವ್ರಗೊಂಡಿದ್ದ 1968ರಲ್ಲಿ ಆಸ್ಟ್ರೇಲಿಯಾದ ನಾಲ್ವರು ಮೂಲನಿವಾಸಿ ಯುವತಿಯರು ಸೈನಿಕರ ಮುಂದೆ ಹಾಡಲು ಅಲ್ಲಿಗೆ ತೆರಳುತ್ತಾರೆ. ಇದು 2012ರಲ್ಲಿ ತೆರೆಕಂಡ, ವೇಯ್ನ್ ಬ್ಲೇರ್ ನಿರ್ದೇಶನದ 'ದಿ ಸಫೈರ್ಸ್' ಚಿತ್ರದ ಕಥೆ. ಕಾನ್ ಚಿತ್ರೋತ್ಸವದಲ್ಲೂ ಪ್ರದರ್ಶನಗೊಂಡ ಈ ಚಿತ್ರ ನೈಜ ಘಟನೆಯನ್ನು ಆಧರಿಸಿದ್ದು. ಆದರೆ ವಾಸ್ತವವಾಗಿ ವಿಯೆಟ್ನಾಂಗೆ ಹೋದವರು ಇಬ್ಬರೇ.

ಮೆಲ್ಬರ್ನ್‌ನಲ್ಲಿ ಹಾಡುತ್ತಿದ್ದ ಮೂಲ ತಂಡದಲ್ಲಿದ್ದವರು ಮೂವರು: ಲಾರೆಲ್ ರಾಬಿನ್ಸನ್, ಬೆವರ್ಲಿ ಬ್ರಿಗ್ಸ್ ಮತ್ತು ನವೋಮಿ ಮೇಯರ್ಸ್. ವಿಯೆಟ್ನಾಂನಿಂದ ಆಹ್ವಾನ ಬಂದಾಗ ಬೆವರ್ಲಿ ಮತ್ತು ನವೋಮಿ ನಿರಾಕರಿಸಿದರು. ಅವರು ಯುದ್ಧವನ್ನೇ ವಿರೋಧಿಸುತ್ತಿದ್ದರು. ಲಾರೆಲ್ ತಮ್ಮ ಸಹೋದರಿ ಲೋಯಿಸ್ ಪೀಲರ್ ಅವರನ್ನು ಜತೆಗೆ ಕರೆದುಕೊಂಡು ಹೊರಟರು. ಲಾರೆಲ್ ಅವರ ಪುತ್ರ ಟೋನಿ ಬ್ರಿಗ್ಸ್ 2004ರಲ್ಲಿ ಇದನ್ನು ನಾಟಕವಾಗಿಸಿದರು. ಚಿತ್ರಕ್ಕೆ ಆ ನಾಟಕವೇ ಆಧಾರ. ಮನರಂಜನೆಯ ದೃಷ್ಟಿಯಿಂದ ನಾಲ್ವರನ್ನೂ ಒಟ್ಟಿಗೆ ಕಳುಹಿಸಿದ್ದು ಅನುಕೂಲಕರವೇ ಇರಬಹುದು. ಆದರೆ ಅದರಿಂದ ಇಬ್ಬರು ಮಹಿಳೆಯರ ದಿಟ್ಟ ನಿರಾಕರಣೆ ತೆರೆಮರೆಗೆ ಸರಿಯಿತು.

ಆ ನಿಲುವಿಗೆ ಹಿನ್ನೆಲೆಯಿತ್ತು. ಈ ಗಾಯಕಿಯರ ಯೋರ್ಟಾ ಯೋರ್ಟಾ ಸಮುದಾಯದ ನಂಟು ಮರ್ರೆ ನದಿ ದಂಡೆಯ ಕಮರಗಂಜ ವಸತಿಯೊಂದಿಗೆ ಬೆಸೆದುಕೊಂಡಿದೆ. ಅಲ್ಲಿನ ಆಡಳಿತದ ದಬ್ಬಾಳಿಕೆಗೆ ಬೇಸತ್ತು 1939ರಲ್ಲಿ ಸುಮಾರು 200 ಮಂದಿ ಮನೆಮಾರು ತೊರೆದು, ನದಿ ದಾಟಿ ವಿಕ್ಟೋರಿಯಾ ಪ್ರಾಂತ್ಯಕ್ಕೆ ನಡೆದಿದ್ದರು. ರಾಷ್ಟ್ರೀಯ ಚುನಾವಣೆಗಳಲ್ಲಿ ಎಲ್ಲ ಮೂಲನಿವಾಸಿಗಳಿಗೂ ಮತದಾನದ ಹಕ್ಕು ಖಚಿತವಾದದ್ದು 1962ರಲ್ಲಿ. ಜನಗಣತಿಯ ಲೆಕ್ಕದಿಂದ ಅವರನ್ನು ಹೊರಗಿಟ್ಟಿದ್ದ ಸಂವಿಧಾನದ ವಿಧಿ ರದ್ದಾಗಲು 1967ರ ಜನಮತಗಣನೆಯೇ ಬೇಕಾಯಿತು. ಶೇ. 90ಕ್ಕೂ ಹೆಚ್ಚು ಮತದಾರರು ಆಗ ಬದಲಾವಣೆಯ ಪರ ನಿಂತರು. ಅದರ ಮರುವರ್ಷವೇ ವಿಯೆಟ್ನಾಂ ಪ್ರವಾಸ.

ಸೋಲ್ ಸಂಗೀತವೇ ಏಕೆ? ಅಮೆರಿಕದ ಕಪ್ಪು ಜನರ ಚರ್ಚ್ ಗಾಯನ ಮತ್ತು ಬ್ಲೂಸ್‌ನಿಂದ ಹುಟ್ಟಿದ ಈ ಪ್ರಕಾರ ಅಂದು ನಾಗರಿಕ ಹಕ್ಕುಗಳ ಹೋರಾಟದ ಸಂಗಾತಿಯಾಗಿತ್ತು. ವಿಯೆಟ್ನಾಂನಲ್ಲಿದ್ದ ಕಪ್ಪು ಸೈನಿಕರಿಗೆ ಅದು ತಮ್ಮೂರಿನ ದನಿ. ವರ್ಣಭೇದದ ಕಹಿ ಉಂಡಿದ್ದ ಮೂಲನಿವಾಸಿಗಳಿಗೂ ಅದು ಪರಕೀಯವೆನಿಸಲಿಲ್ಲ.

ಅನಂತರ ನವೋಮಿ ಸಿಡ್ನಿಯ ರೆಡ್‌ಫರ್ನ್‌ನಲ್ಲಿ 1971ರಲ್ಲಿ ಆರಂಭವಾದ ಮೂಲನಿವಾಸಿ ವೈದ್ಯಕೀಯ ಸೇವಾ ಸಂಸ್ಥೆಯನ್ನು ದಶಕಗಳ ಕಾಲ ಮುನ್ನಡೆಸಿದರು. ಲೋಯಿಸ್ ರೂಪದರ್ಶಿಯಾಗಿ ಹೆಸರು ಮಾಡಿ, ಮುಂದೆ ಮೂಲನಿವಾಸಿ ಬಾಲಕಿಯರ ವೊರಾವಾ ಕಾಲೇಜಿನ ಮುಖ್ಯಸ್ಥೆಯಾದರು.

2013ರಲ್ಲಿ ಅಮೆರಿಕದಲ್ಲಿ ಚಿತ್ರದ ಡಿವಿಡಿ ಬಿಡುಗಡೆಯಾದಾಗ ಹೊದಿಕೆಯ ಮುಂಭಾಗದಲ್ಲಿ ರಾರಾಜಿಸಿದ್ದು ಬಿಳಿಯ ನಟ. ಗಾಯಕಿಯರು ಹಿನ್ನೆಲೆಯಲ್ಲಿ ಮಸುಕಾದ ನೀಲಿ ಛಾಯೆಗಳಾಗಿದ್ದರು. ಮೂಲ ಗಾಯಕಿಯರು ಲಿಖಿತವಾಗಿ ಪ್ರತಿಭಟಿಸಿದರು. ವಿತರಕ ಸಂಸ್ಥೆ ವಿಷಾದ ವ್ಯಕ್ತಪಡಿಸಿತು.