ಓದುಗರ ಮನವನ್ನು ಅರಿಯುವ ಬಗೆ

ಗೋಕಾಕ ತಾಲ್ಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಜನಿಸಿದ ಬೆಟಗೇರಿ ಕೃಷ್ಣಶರ್ಮರು ‘ಆನಂದಕಂದ’ ಎಂಬ ಕಾವ್ಯನಾಮದಿಂದ ಪ್ರಸಿದ್ಧರಾದವರು. ಅವರು ಕವಿಗಳಾಗಿದ್ದಂತೆ ಸಂಪಾದಕರೂ ಆಗಿದ್ದರು. ‘ಜಯಂತಿ’ ಮಾಸಪತ್ರಿಕೆಯನ್ನು ಹಲವು ವರ್ಷ ನಡೆಸಿದರು. ‘ನಲ್ವಾಡುಗಳು’ ಸಂಕಲನದಲ್ಲಿ ಹಳ್ಳಿಗರ ಆಡುಮಾತಿಗೆ ಕಾವ್ಯದ ಮನ್ನಣೆಯನ್ನು ತಂದುಕೊಟ್ಟರು. ತನ್ನ ಮಾತೂ ತನ್ನ ಬಾಳೂ ಅಚ್ಚಿನಲ್ಲಿ ಮೂಡಿದಾಗ ಓದುಗನು ಪತ್ರಿಕೆಯನ್ನು ತನ್ನದೆಂದು ಬಗೆಯುತ್ತಾನೆ. ವಿದ್ಯಾರ್ಥಿಗಳ ಪತ್ರಿಕೆಗೂ ಈ ಮಾತು ಸಲ್ಲುತ್ತದೆ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ 1919ರಲ್ಲಿ ಹೊರಟ ‘ಪ್ರಬುದ್ಧ ಕರ್ಣಾಟಕ’ವು ನಾಡಿನ ಗಣ್ಯ ಪತ್ರಿಕೆಯಾಗಿ ಬೆಳೆಯಿತು. ಆದರೆ ಎಷ್ಟೋ ಶಾಲಾಪತ್ರಿಕೆಗಳನ್ನು ಅವುಗಳಲ್ಲಿ ಬರೆದವರು ಮಾತ್ರ ಓದಿ ಮುಚ್ಚಿಡುತ್ತಾರೆ. ಓದುಗರಿಗೆ ಏನು ಬೇಕೆಂದು ಯಾರೂ ವಿಚಾರಿಸದಿರುವುದೇ ಇದಕ್ಕೆ ಮುಖ್ಯ ಕಾರಣ.

ಘಟಪ್ರಭೆಯ ಬಯಲಿನ ಮೇಲವಂಕಿಯಂತಹ ಊರಿನ ಶಾಲೆಯೊಂದು ಕೈಬರಹದ ಪತ್ರಿಕೆಯನ್ನು ಹೊರತರಬೇಕಾದರೆ ಮೊದಲು ಮಾಡಬೇಕಾದುದು ಈ ವಿಚಾರಣೆಯನ್ನೇ. ಚುರುಕಾದ ನಾಲ್ವರನ್ನು ಕೇಳಿದರೆ ಆ ನಾಲ್ವರ ಬಯಕೆ ಮಾತ್ರ ತಿಳಿಯುತ್ತದೆ. ಇನ್ನೂರು ಮಕ್ಕಳಿದ್ದರೆ ಹಾಜರಿ ಪುಸ್ತಕದಲ್ಲಿ ಪ್ರತಿ ಐದನೆಯ ಹೆಸರನ್ನು ಆರಿಸಬೇಕು. ಆಗ ನಲವತ್ತು ಮಂದಿ ದೊರೆಯುತ್ತಾರೆ. ಆ ದಿನ ಬಾರದಿದ್ದವರನ್ನು ಮತ್ತೊಂದು ದಿನ ತಪ್ಪದೆ ಕೇಳಬೇಕು. ಕಬ್ಬಿನ ಸುಗ್ಗಿಯಲ್ಲಿ ಮನೆಗೆಲಸಕ್ಕೆಂದು ಶಾಲೆ ತಪ್ಪಿಸುವ ಹುಡುಗನಿಗೂ, ದೂರದ ತೋಟದ ಮನೆಯಿಂದ ನಡೆದು ಬರುವ ಹುಡುಗಿಗೂ ತಮ್ಮದೇ ಆದ ಬಯಕೆಗಳಿರುತ್ತವೆ.

ಪ್ರಶ್ನೆಯನ್ನು ಕೇಳುವುದೂ ಒಂದು ಕಲೆ. “ನೀತಿಕಥೆಗಳು ನಿನಗೆ ಇಷ್ಟವೇ?” ಎಂದು ಗುರುಗಳು ಕೇಳಿದರೆ ವಿದ್ಯಾರ್ಥಿಯು ವಿನಯದಿಂದ “ಹೌದು ಸರ್” ಎನ್ನುತ್ತಾನೆ. ಆ ಉತ್ತರದಲ್ಲಿ ಗೌರವವಿದೆಯೇ ಹೊರತು ಮಾಹಿತಿಯಿಲ್ಲ. ಅದರ ಬದಲು, ಹಿಂದಿನ ಸಂಚಿಕೆಯಲ್ಲಿ ಮೊದಲು ತೆರೆದ ಪುಟ ಯಾವುದು, ಅರ್ಧಕ್ಕೆ ಬಿಟ್ಟ ಬರಹ ಯಾವುದು, ಮನೆಯವರಿಗೆ ಓದಿ ಹೇಳಿದುದು ಯಾವುದು ಎಂದು ಕೇಳಬೇಕು. ಉತ್ತರಗಳನ್ನು ಹೆಸರಿಲ್ಲದ ಚೀಟಿಗಳಲ್ಲಿ ಬರೆಸಿದರೆ ಸಂಕೋಚ ಕಳೆಯುತ್ತದೆ. ಜೊತೆಗೆ ಹಳೆಯ ಸಂಚಿಕೆಯನ್ನೂ ಪರೀಕ್ಷಿಸಬೇಕು. ಹಲವು ಕೈಗಳು ತಿರುವಿ ಮಾಸಿದ ಪುಟಗಳೂ ಹೊಸದಾಗಿಯೇ ಉಳಿದ ಪುಟಗಳೂ ನಿಜವನ್ನು ಹೇಳುತ್ತವೆ.

ಉತ್ತರಗಳನ್ನು ಎಣಿಸಿದ ಬಳಿಕ ವಿವೇಚನೆಯ ಕೆಲಸ ಮೊದಲಾಗುತ್ತದೆ. ನಲವತ್ತರಲ್ಲಿ ಮೂವತ್ತು ಮಂದಿ ಒಗಟು, ಹಾಸ್ಯ, ಆಟಗಳ ಸುದ್ದಿಯನ್ನು ಬಯಸಬಹುದು. ಇಬ್ಬರು ಮಾತ್ರ ವಿದ್ಯಾರ್ಥಿವೇತನವನ್ನು ಪಡೆಯುವ ಬಗೆಯನ್ನು ಕೇಳಬಹುದು. ಎಣಿಕೆಯಲ್ಲಿ ಆ ಇಬ್ಬರು ಅಲ್ಪರು. ಆದರೆ ಅವರಿಗೆ ದೊರೆಯುವ ಒಂದು ಪುಟದ ಮಾಹಿತಿಯು ಅವರ ಓದು ಅರ್ಧಕ್ಕೆ ನಿಲ್ಲದಂತೆ ಕಾಯಬಲ್ಲುದು. ಆದುದರಿಂದ ಹೆಚ್ಚು ಮಂದಿ ಬಯಸಿದುದಕ್ಕೆ ಹೆಚ್ಚು ಪುಟಗಳನ್ನೂ, ಕೆಲವರಿಗೆ ಅತ್ಯಗತ್ಯವಾದುದಕ್ಕೆ ಖಚಿತವಾದ ಸ್ಥಳವನ್ನೂ ಮೀಸಲಿಡುವುದು ಸಂಪಾದಕನ ಧರ್ಮ. ಹಾಗೆಯೇ, ಯಾರೂ ಕೇಳದಿದ್ದರೂ ಕೇಳಲು ಯೋಗ್ಯವಾದ ಹೊಸ ವಿಷಯವೊಂದನ್ನು ಪ್ರತಿ ಸಂಚಿಕೆಯಲ್ಲಿಯೂ ಓದುಗರ ಮುಂದಿಡಬೇಕು. ತಾನು ಕಾಣದುದನ್ನು ಬಯಸುವುದು ಯಾರಿಗೂ ಸಾಧ್ಯವಿಲ್ಲ.

ವಿಚಾರಣೆಯು ಒಮ್ಮೆಗೇ ಮುಗಿಯುವಂತಹುದಲ್ಲ. ಪ್ರತಿ ವರ್ಷ ಹೊಸ ಮಕ್ಕಳು ತರಗತಿಗೆ ಬರುತ್ತಾರೆ. ಅವರೊಡನೆ ಹೊಸ ಕುತೂಹಲಗಳೂ ಬರುತ್ತವೆ. ತನ್ನ ಅಭಿಪ್ರಾಯವನ್ನು ಕೇಳಿದ ಪತ್ರಿಕೆಯನ್ನು ವಿದ್ಯಾರ್ಥಿಯು ಆದರದಿಂದ ಓದುತ್ತಾನೆ. ಓದುತ್ತ ಓದುತ್ತ ಮುಂದಿನ ಸಂಚಿಕೆಗೆ ತಾನೇ ಬರೆಯಲು ಲೇಖನಿ ಹಿಡಿಯುತ್ತಾನೆ.