ಮೊದಲು ಕನ್ನಡಕ, ಆಮೇಲೆ ಗ್ರೈಂಡರ್

ಮೂಡಲಗಿ ಸಮೀಪದ ನಮ್ಮ ತೋಟದ ಮನೆಯಲ್ಲಿ ಸಣ್ಣದೊಂದು ವರ್ಕ್‌ಶಾಪ್ ಮಾಡುವ ಹುಚ್ಚು ಹಿಡಿದದ್ದು ಬಿಇ ಎರಡನೇ ವರ್ಷದ ರಜೆಯಲ್ಲಿ. ಕುಂಟೆಯ ಕುಡ ಬಾಗಿದರೂ, ಗೇಟಿನ ತಿರುಗಣಿ ಮುರಿದರೂ ಪೇಟೆಗೆ ಓಡಬೇಕಿತ್ತು. ಕೂಡಿಟ್ಟ ಹಣ ಹಿಡಿದು ಗೋಕಾಕಕ್ಕೆ ಹೋದವನು ಮೊದಲು ತಂದದ್ದೇ ಆ್ಯಂಗಲ್ ಗ್ರೈಂಡರ್. ಕಿಡಿ ಹಾರಿದರೆ ಮಾತ್ರ ವರ್ಕ್‌ಶಾಪ್ ಎಂದುಕೊಂಡಿದ್ದೆ!

ಮೂರನೇ ದಿನ ಕಣ್ಣಿಗೆ ಕಬ್ಬಿಣದ ಚೂರು ಬಿತ್ತು. ಡಾಕ್ಟರ್ ತೆಗೆದರು, ಕಣ್ಣು ಉಳಿಯಿತು. ಕನ್ನಡಕಕ್ಕೆ ಖರ್ಚಾಗುತ್ತಿದ್ದ ನೂರಿನ್ನೂರು ರೂಪಾಯಿ ಉಳಿಸಲು ಹೋಗಿ ಈ ಪಾಡು. ಅವ್ವ ಗ್ರೈಂಡರನ್ನು ಅಟ್ಟಕ್ಕೇರಿಸಿದಳು.

ಹುಕ್ಕೇರಿಯಲ್ಲಿ ಫ್ಯಾಬ್ರಿಕೇಶನ್ ಅಂಗಡಿ ಇಟ್ಟಿರುವ ಸೋದರಮಾವ ನನ್ನ ಖರೀದಿ ಪಟ್ಟಿ ನೋಡಿ ನಕ್ಕರು. ‘ಏನ್ ಮಾಡಾಂವ ಅದೀ ಅನ್ನೂದನ್ನ ಮೊದಲ ಬರಿ ತಮ್ಮಾ. ಏನ್ ತಗೋಬೇಕು ಅನ್ನೂದು ಆಮ್ಯಾಲೆ’ ಎಂದರು. ಪಟ್ಟಿ ತಲೆಕೆಳಗಾಯಿತು.

ಮೊದಲು ಕನ್ನಡಕ, ಕಿವಿಗೆ ರಕ್ಷಣೆ, ಗಟ್ಟಿ ಬೂಟು. ನಂತರ ಭಾರದ ಬೆಂಚ್ ವೈಸ್. ಹಳೆಯದಾದರೂ ಸರಿ, ದವಡೆಗಳು ನೇರವಾಗಿ ಕೂಡಬೇಕು, ಸ್ಕ್ರೂ ಸಡಿಲವಿರಬಾರದು. ಆಮೇಲೆ ಮೂಲೆಮಟ್ಟ, ಸ್ಟೀಲ್ ಸ್ಕೇಲ್, ವರ್ನಿಯರ್, ಎರಡು ಮೂರು ಅರ, ಸುತ್ತಿಗೆ, ಹ್ಯಾಕ್ಸಾ. ಹ್ಯಾಕ್ಸಾ ಬ್ಲೇಡಿನ ಹಲ್ಲು ಮುಂದಕ್ಕೆ ಮುಖ ಮಾಡಿರಬೇಕು. ತೆಳು ತಗಡು, ಪೈಪಿಗೆ ಇಂಚಿಗೆ 24 ಹಲ್ಲಿನದು, ದಪ್ಪ ಕಬ್ಬಿಣಕ್ಕೆ 18 ಹಲ್ಲಿನದು ಸಾಕು. ಮೊದಲ ವರ್ಷದ ಫಿಟ್ಟಿಂಗ್ ಲ್ಯಾಬ್‌ನಲ್ಲಿ ಬೇಸರದಿಂದ ಉಜ್ಜಿದ ಅದೇ ಅರ ಈಗ ನನ್ನ ಕೈ ಪಳಗಿಸಿತು.

ಯಂತ್ರಗಳ ಸರದಿ ಇಲ್ಲಿಂದ. 13 ಎಂಎಂ ಚಕ್‌ನ ಡ್ರಿಲ್ ಇದ್ದರೆ ಮನೆಗೆಲಸಕ್ಕೆ ಧಾರಾಳ. ತಿರುಗುವ ಡ್ರಿಲ್ ಮುಂದೆ ಕೈಗವಸು ಹಾಕಬೇಡಿ, ಸಿಕ್ಕಿಕೊಂಡರೆ ಕೈಯನ್ನೇ ಎಳೆಯುತ್ತದೆ. ಗ್ರೈಂಡರಿನ ಗಾರ್ಡ್ ಬಿಚ್ಚಬೇಡಿ. ಡಿಸ್ಕಿನ ಮೇಲೆ ಬರೆದ ಆರ್‌ಪಿಎಂ ಯಂತ್ರದ ಆರ್‌ಪಿಎಂಗಿಂತ ಕಡಿಮೆ ಇರಬಾರದು. ಇದ್ದರೆ ಡಿಸ್ಕ್ ಒಡೆದು ಸಿಡಿಯಬಹುದು.

ವೆಲ್ಡಿಂಗ್ ಯಂತ್ರ ಕೊನೆಗೆ. ಡಬ್ಬಿಯ ಮೇಲಿನ ದೊಡ್ಡ ಆಂಪಿಯರ್ ಅಂಕಿಗೆ ಮರುಳಾಗದೆ ಡ್ಯೂಟಿ ಸೈಕಲ್ ಕೇಳಿ. 60 ಪರ್ಸೆಂಟ್ ಎಂದರೆ ಆ ಆಂಪಿಯರಿನಲ್ಲಿ ಹತ್ತು ನಿಮಿಷಕ್ಕೆ ಆರು ನಿಮಿಷ ಮಾತ್ರ ಕೆಲಸ. 2.5 ಎಂಎಂ ರಾಡಿಗೆ ಸುಮಾರು 60ರಿಂದ 90 ಆಂಪಿಯರ್ ಸಾಕು. ಮನೆಯ ವೈರಿಂಗ್, ಅರ್ಥಿಂಗ್ ತಾಳುತ್ತದೆಯೇ ಎಂದು ಎಲೆಕ್ಟ್ರಿಶಿಯನ್ ಕೈಲಿ ನೋಡಿಸಿ. ನಮ್ಮ ಕಡೆ ಇನ್ನೊಂದು ಮಾತು: ಕಬ್ಬಿನ ರವದಿ ಬಿದ್ದಲ್ಲಿ ಕಿಡಿ ಹಾರಿಸಬೇಡಿ.

ಲೇತ್ ನನ್ನ ಪಟ್ಟಿಯಲ್ಲಿಲ್ಲ. ವರ್ಷಕ್ಕೆರಡು ಬಾರಿ ಬೇಕಾಗುವ ಕೆಲಸಕ್ಕೆ ಟರ್ನಿಂಗ್ ಅಂಗಡಿ ಇದೆ. ಟ್ರೇಲರಿನ ಕೊಂಡಿಯನ್ನು ಈಗಲೂ ಮಾಮಾನೇ ಬೆಸೆಯುತ್ತಾರೆ. ಟನ್‌ಗಟ್ಟಲೆ ಕಬ್ಬು ಎಳೆಯುವ ಕೊಂಡಿಯ ಮೇಲೆ ಕೈ ಕಲಿಯಬಾರದು. ಯಾವುದನ್ನು ಮಾಡಬಾರದು ಎಂಬ ತಿಳಿವಳಿಕೆಯೂ ಎಂಜಿನಿಯರಿಂಗೇ ಅಲ್ಲವೇ?

ಗ್ರೈಂಡರ್ ಈಗ ಅಟ್ಟದಿಂದ ಇಳಿದಿದೆ. ಸದ್ದು ಕೇಳಿದೊಡನೆ ಅವ್ವ ಬಾಗಿಲಿಗೆ ಬಂದು ನನ್ನ ಮುಖ ನೋಡುತ್ತಾಳೆ. ಕನ್ನಡಕ ಕಂಡರೆ ಮಾತಿಲ್ಲದೆ ಒಳಗೆ ಹೋಗುತ್ತಾಳೆ.